ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು?

ಅಕ್ಕನ ಬಾಣಂತನಕ್ಕೆ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಹೊತ್ತು ಕೂತಿರಬೇಕೋ?" ಚಟ್ನಿಪುಡಿ, ಹಪ್ಪಳ, ಅಂಟಿನುಂಡೆ ಎಲ್ಲ ತುಂಬಿ ಎರಡು ಸೂಟ್‌ಕೇಸನ್ನು ತೂಕದ ಮೆಷಿನ್ ಮೇಲೆ ಇಟ್ಟು ಇಳಿಸಿ ಸುಸ್ತಾಗಿದ್ದ ನಾನು ಫೋನ್ ತೆಗೆದು ಹುಡುಕಿದೆ. ಒಂದು ಕಡೆ 15 ಗಂಟೆ 30 ನಿಮಿಷ ಅಂತಿತ್ತು. ಇನ್ನೊಂದು ಕಡೆ 17 ಗಂಟೆ 30 ನಿಮಿಷ. ಟಿಕೆಟ್ ನೋಡಿದರೆ ಹೋಗುವಾಗ ಸುಮಾರು 16, ಬರುವಾಗ ಹದಿನೇಳೂವರೆ. ಅದೇ ಎರಡು ಊರು, ಅದೇ ಜಾತಿಯ ವಿಮಾನ. ಎರಡೂ ಸಲ ನೇರ ಹಾರಾಟ, ನಡುವೆ ಎಲ್ಲೂ ಇಳಿಯುವುದಿಲ್ಲ. ಮತ್ತೆ ಒಂದೂವರೆ ಗಂಟೆ ಎಲ್ಲಿ ಹೋಯಿತು?

ಐದು ತಿಂಗಳಾದ ಮೇಲೆ ಅಮ್ಮ ವಾಪಸ್ ಬಂದರು. ದೇವನಹಳ್ಳಿಯಿಂದ ಮನೆಗೆ ಬರುವ ದಾರಿಯಲ್ಲಿ ಹೇಳಿದ ಮೊದಲ ಮಾತು ಮೊಮ್ಮಗುವಿನ ಬಗ್ಗೆ ಅಲ್ಲ. "ನಮ್ಮ ವಿಮಾನ ದಾರಿ ತಪ್ಪಿತ್ತು ಕಣೋ. ಎದುರಿನ ಟೀವಿಯಲ್ಲಿ ನಕ್ಷೆ ಬರುತ್ತಲ್ಲ, ಅದರಲ್ಲಿ ನೋಡ್ತಿದ್ದೆ. ಇಂಡಿಯಾ ಎಲ್ಲೋ ಇದೆ, ಇವರು ಸೀದಾ ಮೇಲಕ್ಕೆ, ಮಂಚಿನ ಕಡೆಗೆ ಹೋಗ್ತಾನೇ ಇದ್ದಾರೆ." ಅಮ್ಮನ ಬಾಯಲ್ಲಿ ಮಂಜು ಯಾವಾಗಲೂ ಮಂಚೇ. ಅದಿರಲಿ.

ದಾರಿ ತಪ್ಪಿರಲಿಲ್ಲ. ಅದೇ ದಾರಿ. ಯಾಕೆ ಅಂತ ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಹೆಬ್ಬಾಳ ಫ್ಲೈಓವರ್ ಬಂದಿತ್ತು, ಮಾತು ಅಲ್ಲಿಗೇ ನಿಂತಿತು. ಆವತ್ತು ಹೇಳಲಾಗದೆ ಉಳಿದಿದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ದೂರ. ಇದರಲ್ಲಿ ಮಾತ್ರ ಹೆಚ್ಚುಕಮ್ಮಿ ಎಲ್ಲ ವೆಬ್‌ಸೈಟ್‌ಗಳೂ ಒಂದೇ ಮಾತು ಹೇಳುತ್ತವೆ: ಸುಮಾರು 14,000 ಕಿ.ಮೀ. ಗಂಟೆಗಳ ವಿಷಯಕ್ಕೆ ಬಂದಾಗ ಜಗಳ ಯಾಕೆ ಅಂದರೆ, ಬಹಳಷ್ಟು ಸೈಟ್‌ಗಳು ಮಾಡುವುದು ಶಾಲೆಯ ಭಾಗಾಕಾರ ಅಷ್ಟೇ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಹಿಡಿದವರಿಗೆ ಹದಿನೈದೂವರೆ ಗಂಟೆ ಬರುತ್ತದೆ, 800 ಅಂತ ಹಿಡಿದವರಿಗೆ ಹದಿನೇಳೂವರೆ. ಯಾವ ವಿಮಾನ, ಯಾವ ದಾರಿ, ಗಾಳಿ ಎತ್ತ ಬೀಸುತ್ತಿದೆ ಅನ್ನುವುದು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಸಾಲದ್ದಕ್ಕೆ ಕೆಲವರು ಮೈಲಿ ಬರೆಯುತ್ತಾರೆ, ಕೆಲವರು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್, ಸಾಮಾನ್ಯ ಮೈಲಿಗಿಂತ ಉದ್ದ. ಪೈಲಟ್‌ಗಳು ಬಳಸುವುದು ಇದನ್ನೇ. ನಕಲು ಮಾಡುವವರು ಎರಡನ್ನೂ ಕಲಸಿಬಿಡುತ್ತಾರೆ.

ಈ 14,000 ಕಿ.ಮೀ. ಯಾವ ದಾರಿಯದು? ಶಾಲೆಯ ಗೋಡೆಯ ಮೇಲಿದ್ದ ಪ್ರಪಂಚದ ನಕ್ಷೆ ನೆನಪಿಸಿಕೊಳ್ಳಿ. ಅದರಲ್ಲಿ ಅಮೆರಿಕ ಎಡಗಡೆ, ನಾವು ಬಲಗಡೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ ದಾಟಿ, ಆಫ್ರಿಕಾದ ಮರುಭೂಮಿಯ ಮೇಲೆ ಹಾದು, ಅಟ್ಲಾಂಟಿಕ್ ದಾಟಿ, ಇಡೀ ಅಮೆರಿಕವನ್ನು ಅಡ್ಡಡ್ಡ ಸೀಳಿಕೊಂಡು ಆ ತುದಿಗೆ ಮುಟ್ಟುತ್ತದೆ. ನೋಡಿದರೆ ನೇರ ದಾರಿ. ಆದರೆ ಮರ್ಕೇಟರ್ ಅನ್ನುವವನು ಮಾಡಿದ ಈ ನಕ್ಷೆಯ ಮೇಲಿನ ಆ ಗೆರೆಯ ನಿಜವಾದ ಉದ್ದ ಲೆಕ್ಕ ಹಾಕಿದರೆ 20,000 ಕಿ.ಮೀ. ದಾಟುತ್ತದೆ! ಭೂಮಿಯ ಮೇಲೆ ಯಾವುದೇ ಎರಡು ಊರಿನ ನಡುವಿನ ಅತಿ ಹತ್ತಿರದ ದಾರಿ ಹೆಚ್ಚೆಂದರೆ 20,000 ಕಿ.ಮೀ. ಇರಬಹುದು ಅಷ್ಟೇ, ಯಾಕೆಂದರೆ ಭೂಮಿಯ ಸುತ್ತಳತೆಯೇ ಸುಮಾರು 40,000. ಅಂದರೆ ಆ "ನೇರ" ಗೆರೆಗಿಂತ ಸುತ್ತು ದಾರಿ ಹುಡುಕುವುದೇ ಕಷ್ಟ. ನಕ್ಷೆಯನ್ನು ಕತ್ತರಿಸಿ ಪೆಸಿಫಿಕ್ ಕಡೆಯಿಂದ ಅಂಟಿಸಿ ಪೂರ್ವಕ್ಕೆ ಗೆರೆ ಎಳೆದರೂ ಸುಮಾರು 16,100 ಕಿ.ಮೀ. ಆಗುತ್ತದೆ.

ತಪ್ಪು ನಕ್ಷೆಯದಲ್ಲ, ನಾವು ಅದನ್ನು ಬಳಸುವ ರೀತಿಯದು. ಮರ್ಕೇಟರ್ ಇದನ್ನು 1569ರಲ್ಲಿ ಮಾಡಿದ್ದು ಹಡಗಿನವರಿಗಾಗಿ, ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಸಾಗುವವರಿಗಾಗಿ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಬೇಕಾದರೆ ಎಲ್ಲೋ ಒಂದು ಕಡೆ ಎಳೆಯಲೇಬೇಕಲ್ಲ, ಅವನು ಧ್ರುವಗಳ ಕಡೆ ಎಳೆದ. ಅದಕ್ಕೇ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ, ನಿಜಕ್ಕೂ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು.

ನಕ್ಷೆ ಬಿಡಿ, ಒಂದು ಕಲ್ಲಂಗಡಿ ಹಣ್ಣು ತನ್ನಿ. ಗುಂಡಗಿರುವುದು, ಮೈಮೇಲೆ ಪಟ್ಟೆ ಇರುವುದು. ತೊಟ್ಟಿನ ಜಾಗವೇ ಉತ್ತರ ಧ್ರುವ. ತೊಟ್ಟಿನಿಂದ ಕೆಳಗಿಳಿಯುವ ಪಟ್ಟೆಗಳೇ ರೇಖಾಂಶಗಳು. ಬೆಂಗಳೂರು ಇರುವುದು ಹೆಚ್ಚುಕಮ್ಮಿ 77.7 ಡಿಗ್ರಿ ಪೂರ್ವದ ಪಟ್ಟೆಯ ಮೇಲೆ, ಹಣ್ಣಿನ ನಡುಸೊಂಟಕ್ಕಿಂತ ಸ್ವಲ್ಪ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋ 122.4 ಡಿಗ್ರಿ ಪಶ್ಚಿಮದಲ್ಲಿ. ಎರಡರ ನಡುವೆ 160 ಡಿಗ್ರಿ ಅಂತರ. ಪೂರ್ತಿ ಹಿಂಬದಿ ಅಂದರೆ 180. ಅಂದರೆ ಆ ಊರು ಹಣ್ಣಿನ ಹಿಂದಿನ ಮಗ್ಗುಲಲ್ಲಿದೆ. ಈಗ ಒಂದು ದಾರ ತಗೊಂಡು ಈ ಎರಡು ಜಾಗವನ್ನು ಬಿಗಿಯಾಗಿ ಜೋಡಿಸಿ. ದಾರ ಸೊಂಟ ಸುತ್ತಿಕೊಂಡು ಹೋಗುವುದಿಲ್ಲ. ತಾನಾಗಿ ಜಾರಿ ತೊಟ್ಟಿನ ಹತ್ತಿರಕ್ಕೆ ಹೋಗಿ ಕೂರುತ್ತದೆ. ಅದೇ ಅತಿ ಹತ್ತಿರದ ದಾರಿ, 13,990 ಕಿ.ಮೀ. ಆಸುಪಾಸು.

ಅಮ್ಮನಿಗೆ ದಾರಿ ತಪ್ಪಿದಂತೆ ಕಂಡದ್ದು ಇದೇ ದಾರ.

ಈ ದಾರವನ್ನು ಇನ್ನೂ ಸರಿಯಾಗಿ ನೋಡಿದರೆ ಅದು ತೊಟ್ಟಿನ ಮೇಲೇ ಹಾಯುವುದಿಲ್ಲ, ಪಕ್ಕದಲ್ಲಿ ಹಾಯುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ, ನೇಪಾಳ, ಟಿಬೆಟ್ ದಾಟಿ, ಸೈಬೀರಿಯಾ ಹತ್ತಿ, ಆರ್ಕ್‌ಟಿಕ್ ಸಮುದ್ರದ ಅಂಚಿನಲ್ಲಿ ಸುಮಾರು 71 ಡಿಗ್ರಿ ಉತ್ತರ ಮುಟ್ಟಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಸರಿಯಾಗಿ ಉತ್ತರ ಧ್ರುವದ ಮೇಲೇ ಹೋಗುತ್ತೇನೆ ಅಂದರೂ ಜಾಸ್ತಿ ಆಗುವುದು 380 ಕಿ.ಮೀ. ಮಾತ್ರ, ಸುಮಾರು 14,370. ಇಷ್ಟು ದೂರದ ಪ್ರಯಾಣದಲ್ಲಿ ಅದು ಅರ್ಧ ಗಂಟೆಯೂ ಅಲ್ಲ. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ವಿಮಾನ ಆ ದಾರದ ಮೇಲೇ ಹಾರುತ್ತದಾ? ಇಲ್ಲ. ದಾರಕ್ಕೆ ಬೆಟ್ಟ ಗೊತ್ತಿಲ್ಲ, ಗಡಿ ಗೊತ್ತಿಲ್ಲ.

ಬೆಟ್ಟದ ಕಥೆ ಮೊದಲು. ವಿಮಾನ ಹಾರುವುದು 10-11 ಕಿ.ಮೀ. ಎತ್ತರದಲ್ಲಿ, ಎವರೆಸ್ಟ್ ಇರುವುದು 9 ಕಿ.ಮೀ. ಒಳಗೆ, ಮತ್ತೆ ಟಿಬೆಟ್ ಮೇಲೆ ಹಾರಲು ಏನು ಕಷ್ಟ ಅಂತ ನಾನೂ ಅಂದುಕೊಂಡಿದ್ದೆ. ಕಷ್ಟ ಹಾರುವುದರಲ್ಲಿ ಅಲ್ಲ, ಇಳಿಯುವುದರಲ್ಲಿ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ತಕ್ಷಣ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು, ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ತಲೆ ಮೇಲಿಂದ ಬೀಳುವ ಹಳದಿ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಬರುವುದು ಹದಿನೈದು ನಿಮಿಷದ ಆಸುಪಾಸು. ಆದರೆ ಟಿಬೆಟ್‌ನ ನೆಲವೇ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಮೂರಕ್ಕೆ ಇಳಿಯಿರಿ ಅಂದರೆ ಎಲ್ಲಿಗೆ ಇಳಿಯುವುದು? ಹಾಗಾಗಿ ಹೆಚ್ಚಿನ ವಿಮಾನಗಳು ಆ ಕಡೆ ಹೋಗದೆ ಬಳಸಿಕೊಂಡು ಹೋಗುತ್ತವೆ.

ಎರಡನೆಯದು, ಹತ್ತಿರದಲ್ಲಿ ಯಾವಾಗಲೂ ಒಂದು ವಿಮಾನ ನಿಲ್ದಾಣ ಇರಬೇಕು. ಎರಡು ಎಂಜಿನ್ ಇರುವ ವಿಮಾನದಲ್ಲಿ ಒಂದು ನಿಂತುಹೋದರೆ ಇನ್ನೊಂದರಲ್ಲೇ ಇಂತಿಷ್ಟು ಹೊತ್ತಿನೊಳಗೆ ಎಲ್ಲಾದರೂ ಇಳಿಯುವಂತಿರಬೇಕು ಅನ್ನುವ ನಿಯಮ ಇದೆ. ಕೆಲವಕ್ಕೆ 3 ಗಂಟೆ, ಕೆಲವು ಮಾದರಿಗಳಿಗೆ ಇನ್ನೂ ಜಾಸ್ತಿ. ಇದು ಸುಮ್ನೆ ಕಾಗದದ ಮೇಲಿನ ಮಾತಲ್ಲ. 2023ರ ಜೂನ್‌ನಲ್ಲಿ ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್‌ನಲ್ಲಿ ತೊಂದರೆ ಕಾಣಿಸಿ, ಅದು ರಷ್ಯಾದ ಪೂರ್ವ ತುದಿಯ ಮಗದಾನ್ ಅನ್ನುವ ಊರಲ್ಲಿ ಇಳಿಯಿತು. ಇನ್ನೊಂದು ವಿಮಾನ ಬಂದು ಕರೆದುಕೊಂಡು ಹೋಗುವವರೆಗೆ ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಅಲ್ಲೇ ಕಾಯಬೇಕಾಯಿತು.

ಮೂರನೆಯದು ಗಡಿ. ಆಕಾಶಕ್ಕೂ ಬೇಲಿ ಇದೆ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್, ನಮ್ಮವಕ್ಕೆ ಇಲ್ಲ. ಅಮೆರಿಕದ ಯುನೈಟೆಡ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಹಾರಿಸುತ್ತೇವೆ ಅಂತ 2020ರಲ್ಲೇ ಘೋಷಿಸಿತ್ತು, ಮೊದಲು ಕೊರೊನಾ, ಆಮೇಲೆ ಈ ಬೇಲಿ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವವರ ಪ್ರಯಾಣ ಇದ್ದಕ್ಕಿದ್ದ ಹಾಗೆ ಉದ್ದವಾಯಿತು. ಊರು ಅಲ್ಲೇ ಇದೆ, ದೂರ ಮಾತ್ರ ರಾತ್ರೋರಾತ್ರಿ ಬೆಳೆಯಿತು.

ಇಷ್ಟೆಲ್ಲ ಹೇಳಿದರೂ ಅಸಲಿ ವಿಷಯಕ್ಕೆ ಇನ್ನೂ ಬಂದಿಲ್ಲ. ಹೋಗುವಾಗ 16, ಬರುವಾಗ ಹದಿನೇಳೂವರೆ ಯಾಕೆ? ಉತ್ತರ ಒಂದೇ ಪದ: ಗಾಳಿ.

ಇದನ್ನು ಕೇಳಿದಾಗ ಬಹಳ ಜನ ಹೇಳುವ ಉತ್ತರ ಬೇರೆ. ಭೂಮಿ ತಿರುಗುತ್ತಿದೆಯಲ್ಲ, ಅದಕ್ಕೇ ಅನ್ನುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಇಂಜಿನಿಯರ್ ಒಬ್ಬರೂ ಇದನ್ನೇ ಹೇಳಿದರು, ಅದೂ ಪೂರ್ತಿ ಆತ್ಮವಿಶ್ವಾಸದಿಂದ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದು ನಿಜ. ಬೆಂಗಳೂರಿನ ನೆಲ ಈಗಲೂ ಗಂಟೆಗೆ 1,600 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಈ ಲೆಕ್ಕ ಸರಿಯಾಗಿದ್ದರೆ ಮೇಲೆದ್ದ ವಿಮಾನ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಎರಡೂಕಾಲು ಗಂಟೆಯಲ್ಲಿ ಅರಬ್ಬೀ ಸಮುದ್ರದಾಚೆಯ ಯೆಮೆನ್ ದೇಶವೇ ಅದರ ಕೆಳಗೆ ಬಂದು ನಿಲ್ಲಬೇಕಿತ್ತು. ಬರುವುದಿಲ್ಲ, ಯಾಕೆಂದರೆ ಗಾಳಿಯೂ ನೆಲದ ಜೊತೆಗೇ ತಿರುಗುತ್ತಿದೆ. ಓಡುತ್ತಿರುವ ಬಸ್ಸಿನೊಳಗೆ ಒಂದು ಕಡಲೆಕಾಯಿ ಮೇಲಕ್ಕೆಸೆದರೆ ಅದು ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿನವರ ತಲೆಗಲ್ಲ.

ನಿಜವಾದ ಕಾರಣ ಜೆಟ್ ಸ್ಟ್ರೀಮ್. ಭೂಮಿಯಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಸಮಭಾಜಕದ ಕಡೆಯ ಬಿಸಿ ಗಾಳಿ, ಧ್ರುವದ ಕಡೆಯ ತಣ್ಣನೆ ಗಾಳಿ, ಎರಡೂ ಎದುರಾಗುವ ಕಡೆ ಇವು ಹುಟ್ಟುತ್ತವೆ. ಭೂಮಿಯ ತಿರುಗುವಿಕೆಯ ಪಾತ್ರ ಇರುವುದು ಇಲ್ಲಿ: ಧ್ರುವದ ಕಡೆ ಹೊರಟ ಗಾಳಿಯನ್ನು ಅದು ಪೂರ್ವಕ್ಕೆ ತಿರುಗಿಸುತ್ತದೆ. ನನ್ನ ಸಹೋದ್ಯೋಗಿಗೆ ಅರ್ಧ ಮಾರ್ಕ್ಸ್ ಕೊಡಬಹುದು. ಚಳಿಗಾಲದಲ್ಲಿ ಬಿಸಿ-ತಂಪಿನ ವ್ಯತ್ಯಾಸ ಜಾಸ್ತಿ, ಗಾಳಿಯೂ ಜೋರು. ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವೇನಲ್ಲ.

ಹಂಪಿಯ ಹತ್ತಿರ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಂಬಿಗ ಹುಟ್ಟು ಹಾಕುವ ಜೋರು ಅಷ್ಟೇ ಇರುತ್ತದೆ. ಹರಿವಿನ ಜೊತೆ ಹೋದರೆ ದಡದಲ್ಲಿ ನಿಂತವರಿಗೆ ಹರಿಗೋಲು ಓಡುತ್ತಿರುವಂತೆ ಕಾಣುತ್ತದೆ, ಎದುರು ಹೋದರೆ ತೆವಳುತ್ತಿರುವಂತೆ. ವಿಮಾನವೂ ಹಾಗೆ. ಅದರ ವೇಗ ಗಾಳಿಗೆ ಹೋಲಿಸಿದರೆ ಗಂಟೆಗೆ ಸುಮಾರು 900 ಕಿ.ಮೀ. ನಮಗೆ ಬೇಕಾಗಿರುವುದು ನೆಲಕ್ಕೆ ಹೋಲಿಸಿದ ವೇಗ. 6,000 ಕಿ.ಮೀ. ದೂರ ಗಂಟೆಗೆ 150 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ ವೇಗ 1,050 ಆಗುತ್ತದೆ, ಅಷ್ಟು ದೂರಕ್ಕೆ 5 ಗಂಟೆ 43 ನಿಮಿಷ. ಅದೇ ಗಾಳಿ ಎದುರಾದರೆ ವೇಗ 750, ಸಮಯ 8 ಗಂಟೆ. ಎರಡೂಕಾಲು ಗಂಟೆಗೂ ಜಾಸ್ತಿ ವ್ಯತ್ಯಾಸ! ಇನ್ನೊಂದು ತಮಾಷೆ ನೋಡಿ. ಹೋಗುವಾಗ ಉಳಿದಿದ್ದು, ಬರುವಾಗ ಕಳೆದಿದ್ದು ಸರಿಸಮ ಆಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 13 ಗಂಟೆ 20 ನಿಮಿಷ, ಗಾಳಿ ಇದ್ದರೆ 13 ಗಂಟೆ 43 ನಿಮಿಷ. ಎದುರು ಗಾಳಿಯಲ್ಲಿ ನೀವು ಕಳೆಯುವ ಹೊತ್ತೇ ಜಾಸ್ತಿ, ಹಾಗಾಗಿ ನಷ್ಟವೂ ಜಾಸ್ತಿ.

2020ರ ಫೆಬ್ರುವರಿಯಲ್ಲಿ ಒಂದು ಬಿರುಗಾಳಿಯ ದಿನ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೆ, 4 ಗಂಟೆ 56 ನಿಮಿಷದಲ್ಲಿ ತಲುಪಿಬಿಟ್ಟಿತ್ತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗ ದಾಟಿತು ಅಂತ ಕೆಲವರು ಬರೆದರು. ದಾಟಿರಲಿಲ್ಲ. ಹೊಳೆಯೇ ಜೋರಾಗಿ ಹರಿಯುತ್ತಿತ್ತು ಅಷ್ಟೇ.

ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆ ನಮ್ಮದೇ. ಏರ್ ಇಂಡಿಯಾದ ದಿಲ್ಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ, ಅಂದರೆ ಪಶ್ಚಿಮಕ್ಕೆ, ಎದುರು ಗಾಳಿಯಲ್ಲಿ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಅವರು ದಿಕ್ಕನ್ನೇ ಬದಲಾಯಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲಿಂದ ಹೋದರು. ದೂರ 15,300 ಕಿ.ಮೀ., ಹಳೆಯ ದಾರಿಗಿಂತ ಸುಮಾರು 1,400 ಕಿ.ಮೀ. ಜಾಸ್ತಿ. ಸಮಯ? ಹದಿನಾಲ್ಕೂವರೆ ಗಂಟೆ, ಹಳೆಯದಕ್ಕಿಂತ ಹತ್ತಿರ ಹತ್ತಿರ ಎರಡು ಗಂಟೆ ಕಡಿಮೆ. ದೂರದ ದಾರಿಯೇ ಬೇಗ ತಲುಪಿಸಿತು. ಇನ್ನೂ ಮಜಾ ಅಂದರೆ, ವಾಪಸ್ ಬರುವಾಗಲೂ ಪೂರ್ವಕ್ಕೇ ಹೊರಟು ಅಟ್ಲಾಂಟಿಕ್ ಮೇಲಿಂದ ದಿಲ್ಲಿಗೆ ಬರಬಹುದು. 2017ರಲ್ಲಿ ಅವರ ಮಹಿಳಾ ಸಿಬ್ಬಂದಿ ಹೀಗೇ ಹೋಗಿ ಬಂದು ಇಡೀ ಭೂಮಿಗೆ ಒಂದು ಪ್ರದಕ್ಷಿಣೆ ಹಾಕಿದ್ದರು.

ಈಗ ಅಮ್ಮನ ವಿಮಾನಕ್ಕೆ ಬರೋಣ. ಹೋಗುವಾಗ ಅದು ಪೂರ್ವಕ್ಕೆ ಹೊರಟು ಪೆಸಿಫಿಕ್ ಕಡೆಯಿಂದ ಹೋಯಿತು, ದಾರಿ ಉದ್ದ, ಆದರೆ ಗಾಳಿ ಬೆನ್ನಿಗೆ. ಬರುವಾಗ ಅದೇ ದಾರಿ ಹಿಡಿದರೆ ಆ ಗಾಳಿಯೇ ಮುಖಕ್ಕೆ ಹೊಡೆಯುತ್ತದೆ. ಧ್ರುವದ ಕಡೆ ಜೆಟ್ ಸ್ಟ್ರೀಮ್‌ನ ಜೋರು ಕಡಿಮೆ, ಜೊತೆಗೆ ದೂರವೂ ಕಡಿಮೆ. ಮೇಲೆ ಹೇಳಿದ 380 ಕಿ.ಮೀ. ನೆನಪಿದೆಯಲ್ಲ, ಅಷ್ಟು ಸುತ್ತಿದರೂ ಲಾಭವೇ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಪೂರ್ತಿ ಮಹಿಳಾ ಪೈಲಟ್‌ಗಳ ತಂಡ ಹಾರಿಸಿದ್ದು ಇದೇ ಧ್ರುವದ ದಾರಿಯಲ್ಲಿ. ಸುಮಾರು 17 ಗಂಟೆ.

ಅರ್ಧ ಗಂಟೆ ಉಳಿಸುವುದಕ್ಕೆ ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ ಅಂದರೆ, ಇಂಧನ. ಇಷ್ಟು ದೊಡ್ಡ ವಿಮಾನ ಗಂಟೆಗೆ ಸುಮಾರು 7-8 ಟನ್ ಕುಡಿಯುತ್ತದೆ. ಒಂದು ಗಂಟೆ ಜಾಸ್ತಿ ಹಾರಬೇಕು ಅಂದರೆ ಅಷ್ಟು ಇಂಧನ ಮೊದಲೇ ತುಂಬಿಕೊಳ್ಳಬೇಕು, ಅದನ್ನು ಹದಿನಾರು ಗಂಟೆ ಹೊತ್ತು ತಿರುಗಲು ಮತ್ತಷ್ಟು ಇಂಧನ ಬೇಕು. ಅದಕ್ಕೇ ಹೊರಟಾಗ ಭಾರವಾಗಿರುವ ವಿಮಾನ ಕೆಳಗೇ ಹಾರಿ, ಇಂಧನ ಉರಿದು ಹಗುರಾದಂತೆ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತದೆ. ಯಾವ ದಾರಿ ಅನ್ನುವುದು ಪ್ರತಿ ದಿನದ ಗಾಳಿ ನೋಡಿ ನಿರ್ಧಾರ ಆಗುತ್ತದೆ. ನಿನ್ನೆಯ ವಿಮಾನ ಹೋದ ದಾರಿಯಲ್ಲೇ ಇವತ್ತಿನದೂ ಹೋಗಬೇಕು ಅಂತೇನಿಲ್ಲ.

ಗಾಳಿಯ ಈ ಆಟ ನೋಡಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ. ಚಳಿಗಾಲದಲ್ಲಿ ದಿಲ್ಲಿಯಿಂದ ಕೋಲ್ಕತ್ತಾಗೆ ಹೋಗುವ ವಿಮಾನದ ಸಮಯ ನೋಡಿ, ಕೋಲ್ಕತ್ತಾದಿಂದ ದಿಲ್ಲಿಗೆ ಬರುವುದರದ್ದೂ ನೋಡಿ. ಬರುವುದು ನಿಧಾನ.

ಹತ್ತಿರದ ಊರುಗಳ ವಿಷಯದಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಸಮಯ ತಿನ್ನುವುದು ಗಾಳಿ ಅಲ್ಲ, ನೆಲ. ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದಲ್ಲಿ 306 ಕಿ.ಮೀ. ಗಂಟೆಗೆ 900ರಂತೆ ಇಪ್ಪತ್ತು ನಿಮಿಷದ ದಾರಿ. ಟಿಕೆಟ್‌ನಲ್ಲಿ ಒಂದು ಗಂಟೆ ಐದು ನಿಮಿಷವೋ ಹತ್ತು ನಿಮಿಷವೋ ಇರುತ್ತದೆ. ಟಿಕೆಟ್ ಮೇಲೆ ಬರೆದಿರುವುದು ಹಾರುವ ಸಮಯ ಅಲ್ಲವೇ ಅಲ್ಲ. ಇಲ್ಲಿ ಗೇಟಿನಿಂದ ಹಿಂದಕ್ಕೆ ತಳ್ಳಿದ ಕ್ಷಣದಿಂದ ಅಲ್ಲಿ ಬಂದು ನಿಂತು ಚಕ್ರಕ್ಕೆ ತಡೆ ಇಡುವವರೆಗಿನ ಸಮಯ. ಅದರಲ್ಲಿ ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ನಿಲ್ಲುವುದು, ಮೇಲೇರುವುದು, ಬಜ್ಪೆಗೆ ಇಳಿಯಲು ಅರ್ಧ ದಾರಿಯಿಂದಲೇ ವೇಗ ಇಳಿಸುವುದು ಎಲ್ಲ ಸೇರಿದೆ. ಇಷ್ಟು ಹತ್ತಿರಕ್ಕೆ ವಿಮಾನ ಪೂರ್ತಿ ಎತ್ತರಕ್ಕೂ ಹೋಗುವುದಿಲ್ಲ, ಪೂರ್ತಿ ವೇಗಕ್ಕೂ. ಇದರ ಮೇಲೆ ಕಂಪನಿಗಳು ಒಂದಿಷ್ಟು ನಿಮಿಷ ಸೇರಿಸಿಯೇ ಸಮಯ ಬರೆಯುತ್ತವೆ. ತಡವಾಗಿ ಹೊರಟರೂ "ಹೊತ್ತಿಗೆ ಮುಂಚೆ ತಲುಪಿದ್ದೇವೆ" ಅಂತ ಘೋಷಣೆ ಬರುತ್ತಲ್ಲ, ಆಗ ಚಪ್ಪಾಳೆ ತಟ್ಟುವ ಮುಂಚೆ ಇದು ನೆನಪಿರಲಿ. ಹದಿನೈದು ನಿಮಿಷ ತಡವಾದರೂ ಅವರ ಲೆಕ್ಕದಲ್ಲಿ ಅದು ಸರಿಯಾದ ಸಮಯವೇ.

ನಾನು ಬಳಸುವ ಒಂದು ಅಂದಾಜು ಲೆಕ್ಕ ಹೇಳುತ್ತೇನೆ. ದೂರವನ್ನು 850ರಿಂದ ಭಾಗಿಸಿ, ಅದಕ್ಕೆ ಮುಕ್ಕಾಲು ಗಂಟೆ ಸೇರಿಸಿ. ಮಂಗಳೂರಿಗೆ 22 ನಿಮಿಷ ಮತ್ತು 45, ಒಟ್ಟು ಒಂದು ಗಂಟೆ ಏಳು ನಿಮಿಷ. ದಿಲ್ಲಿಗೆ ಸುಮಾರು 1,710 ಕಿ.ಮೀ., ಎರಡು ಗಂಟೆ ಮತ್ತು 45 ನಿಮಿಷ. ದುಬೈಗೆ ಸುಮಾರು 2,700, ಹತ್ತಿರ ಹತ್ತಿರ 4 ಗಂಟೆ. ಟಿಕೆಟ್ ಜೊತೆ ಹೋಲಿಸಿ ನೋಡಿ, ಸಾಕಷ್ಟು ಹೊಂದುತ್ತದೆ. ಪೂರ್ವಕ್ಕೆ ಹೋಗುತ್ತಿದ್ದರೆ ಸ್ವಲ್ಪ ಕಳೆಯಿರಿ, ಪಶ್ಚಿಮಕ್ಕಾದರೆ ಸ್ವಲ್ಪ ಕೂಡಿ.

ಜಯನಗರದಿಂದ ದೇವನಹಳ್ಳಿಗೆ ವಾಯುವಜ್ರ ಬಸ್ಸಿನಲ್ಲಿ ಎಷ್ಟು ಹೊತ್ತು ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಸೂತ್ರ ಇಲ್ಲ. ಒಂದು ಸಂಜೆ ಮಳೆಯಲ್ಲಿ ಎರಡೂವರೆ ಗಂಟೆ ಕೂತಿದ್ದೆ. ಅಷ್ಟರಲ್ಲಿ ಮಂಗಳೂರಿಗೆ ಹೋಗಿ, ವಾಪಸ್ ಬಂದು, ಇಳಿದೂ ಆಗುತ್ತಿತ್ತು.

ನೇರ ವಿಮಾನ ಸಿಗದಿದ್ದರೆ? ಆಗ ದೂರ ಎಷ್ಟು ಬೆಳೆಯುತ್ತದೆ ಅಂತ ನೋಡಿದೆ. ದುಬೈ ಮೇಲೆ ಹೋದರೆ ಸುಮಾರು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ 16,550. ಸಿಂಗಪುರದ ಕಡೆಯಿಂದ 16,700ರ ಆಸುಪಾಸು. ದುಬೈ ದಾರಿ ಅಷ್ಟೇನೂ ಸುತ್ತಲ್ಲ ಅಲ್ವಾ? ಹಾರಾಟಕ್ಕೆ ಎರಡು-ಎರಡೂವರೆ ಗಂಟೆ ಜಾಸ್ತಿ ಅಷ್ಟೇ. ಒಟ್ಟು ಪ್ರಯಾಣ 22, 24, ಕೆಲವೊಮ್ಮೆ 30 ಗಂಟೆ ಆಗುವುದು ನಡುವಿನ ಕಾಯುವಿಕೆಯಿಂದ. ಟಿಕೆಟ್ ತಗೊಳ್ಳುವಾಗ ಆ ಒಂದು ಅಂಕಿ ನೋಡಿ, ಕಿಲೋಮೀಟರ್ ನೋಡಬೇಡಿ. ಇನ್ನೊಂದು ಎಚ್ಚರಿಕೆ. "ಡೈರೆಕ್ಟ್" ಬೇರೆ, "ನಾನ್‌ಸ್ಟಾಪ್" ಬೇರೆ. ಡೈರೆಕ್ಟ್ ಅಂದರೆ ವಿಮಾನದ ನಂಬರ್ ಬದಲಾಗುವುದಿಲ್ಲ ಅಂತ ಮಾತ್ರ, ನಡುವೆ ಎಲ್ಲೋ ಇಳಿಯಬಹುದು. ವಯಸ್ಸಾದವರನ್ನು ಒಬ್ಬರೇ ಕಳಿಸುವಾಗ ಈ ಎರಡರ ವ್ಯತ್ಯಾಸ ದೊಡ್ಡದು.

ಕೊನೆಗೆ ಉಳಿದಿದ್ದು ಗಡಿಯಾರ. ಅಮ್ಮ ಬರುವಾಗ ಶನಿವಾರ ರಾತ್ರಿ ಎಂಟೂವರೆಗೆ ಹೊರಟರು, ಸೋಮವಾರ ಬೆಳಗಿನ ಜಾವ ಮೂರೂವರೆಗೆ ಇಳಿದರು. "ಹದಿನೇಳೂವರೆ ಗಂಟೆ ಅಂದೆ, ಭಾನುವಾರ ಎಲ್ಲಿ ಹೋಯ್ತು?" ಅಂತ ಕೇಳಿದರು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಅಂದರೆ ಇಲ್ಲಿ ಆಗಲೇ ಭಾನುವಾರ ಬೆಳಗ್ಗೆ ಹತ್ತು. ಅದಕ್ಕೆ ಹದಿನೇಳೂವರೆ ಕೂಡಿದರೆ ಸರಿಹೋಯಿತು. ಭಾನುವಾರ ಕಳೆದದ್ದು ಕತ್ತಲಲ್ಲಿ. ಜನವರಿಯಲ್ಲಿ ಧ್ರುವದ ಕಡೆ ಸೂರ್ಯ ಹುಟ್ಟುವುದೇ ಇಲ್ಲ, ಅದನ್ನು ದಾಟಿ ಸೈಬೀರಿಯಾಕ್ಕೆ ಬರುವಷ್ಟರಲ್ಲಿ ಅಲ್ಲೂ ರಾತ್ರಿ. ಕಿಟಕಿ ಪಕ್ಕದ ಸೀಟು ಹಟ ಹಿಡಿದು ತಗೊಂಡಿದ್ದ ಅಮ್ಮನಿಗೆ ಸಿಕ್ಕಿದ್ದು ಹದಿನೇಳೂವರೆ ಗಂಟೆಯ ಒಂದೇ ರಾತ್ರಿ.

ಹೋಗುವಾಗ ಆಗಿದ್ದು ಇದರ ಉಲ್ಟಾ. ಅದು ಆಗಸ್ಟ್. ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಹಾಗಾಗಿ ಅಂತರ ಹನ್ನೆರಡೂವರೆ ಗಂಟೆ. ಅಮ್ಮ ಹೊರಟಿದ್ದು ಶನಿವಾರ ಮಧ್ಯಾಹ್ನ 2ಕ್ಕೆ. ಹದಿನಾರು ಗಂಟೆ ಹಾರಿ ಇಳಿದಾಗ ಅಲ್ಲಿ ಅದೇ ಶನಿವಾರ ಸಂಜೆ ಐದೂವರೆ. ಪೆಸಿಫಿಕ್ ನಡುವೆ ದಿನದ ಗೆರೆ ದಾಟಿದ್ದರಿಂದ ತಾರೀಖು ಒಂದು ಹೆಜ್ಜೆ ಹಿಂದಕ್ಕೆ ಬಂದಿತ್ತು. ಅವರ ಪಾಲಿಗೆ ಆ ಶನಿವಾರ ಮೂವತ್ತಾರೂವರೆ ಗಂಟೆಯದು.

ಅಮ್ಮನಿಗೆ ಶನಿವಾರ ಒಪ್ಪತ್ತು. ಮಧ್ಯಾಹ್ನ ಮನೆಯಲ್ಲಿ ಊಟ ಮಾಡಿ ಹೊರಟವರು ವಿಮಾನದಲ್ಲಿ ಕೊಟ್ಟಿದ್ದನ್ನೆಲ್ಲ ಬೇಡ ಅಂದು ಬರೀ ನೀರು, ಒಂದೆರಡು ಬಾಳೆಹಣ್ಣಿನಲ್ಲಿ ಕೂತಿದ್ದರು. ಇಳಿದು ಅಕ್ಕನ ಮನೆ ಸೇರಿದರೆ ಅಲ್ಲಿನ್ನೂ ಶನಿವಾರ. ಅಕ್ಕ ಅನ್ನ-ಸಾರು ಮಾಡಿಟ್ಟು ಕಾಯುತ್ತಿದ್ದಳು. ನನಗೆ ಫೋನ್ ಬಂತು. "ಈಗ ಊಟ ಮಾಡಬಹುದೇನೋ? ಯಾವ ಊರಿನ ಶನಿವಾರ ಲೆಕ್ಕ?" ನಾನು ಗಡಿಯಾರ ನೋಡಿದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ಎಂಟು ಹೊಡೆದಿತ್ತು, ಪಕ್ಕದ ಮನೆಯಲ್ಲಿ ದೋಸೆ ಹುಯ್ಯುವ ಸದ್ದು ಕೇಳುತ್ತಿತ್ತು. ಅದನ್ನೇ ಹೇಳಿದೆ. "ಹಾಗಾದ್ರೆ ಬಿಡು" ಅಂತ ಅವರು ತಟ್ಟೆ ಹಾಕಿಸಿಕೊಂಡರು.